ನಾನು ಅನುವಾದಿಸದ ಪ್ರಶ್ನೆ

ಅವ್ವನಿಗೆ ಅಲ್ಝೈಮರ್ ಎಂದು ಗೊತ್ತಾಗಿ ಎರಡು ವರ್ಷ. ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಅವಳನ್ನು ಡೊಂಬಿವಲಿಯಿಂದ ರಿಕ್ಷಾದಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಈಗ ಯಾವ ತಿಂಗಳು ಎಂದು ಡಾಕ್ಟರು ಮರಾಠಿಯಲ್ಲಿ, ಮೃದುವಾಗಿಯೇ, ಕೇಳಿದರು. ಅವ್ವ ನನ್ನ ಮುಖ ನೋಡಿದಳು. ವಿಜಯಪುರ ಬಿಟ್ಟು ಬಂದು ನಲವತ್ತು ವರ್ಷ ಭಾಜಿ ಮಾರ್ಕೆಟ್ಟಿನಲ್ಲಿ ಮರಾಠಿಯಲ್ಲೇ ಚೌಕಾಶಿ ಮಾಡಿದವಳು. ಈಗ ಮರಾಠಿ ಹೋಗಿದೆ, ಕನ್ನಡ ಉಳಿದಿದೆ. ನಾನು ಕನ್ನಡದಲ್ಲಿ ಕೇಳಿದ್ದರೆ 'ಶ್ರಾವಣ' ಅನ್ನುತ್ತಿದ್ದಳು. ಎರಡೂ ಭಾಷೆಗೆ ಅದೇ ಶಬ್ದ. ನಾನು ಕೇಳಲಿಲ್ಲ. ಡಾಕ್ಟರು ಏನೋ ಬರೆದುಕೊಂಡರು.

ಸುಮ್ಮನಿದ್ದದ್ದು ಸುಳ್ಳು ಹೇಳಿದಂತೆಯೇ?

ನನ್ನ ಬಳಿ ಲೆಕ್ಕವಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಪಾರ್ಕಿನ್ಸನ್ ಹೆಸರಿದೆ, ಅಲ್ಝೈಮರ್ ಹೆಸರಿಲ್ಲ. ಹಾಗಾಗಿ ಮಾನಸಿಕ ಕಾಯಿಲೆಯ ಸಾಲಿನಲ್ಲಿ ನಿಲ್ಲಬೇಕು. (ಅವ್ವನಿಗೆ ಇದನ್ನು ಹೇಳಿಲ್ಲ. 'ನನಗೇನ ಹುಚ್ಚ ಹಿಡದೈತೇನು' ಅಂತಾಳೆ.) ಅಲ್ಲಿನ ಅಳತೆಗೋಲಿನ ಹೆಸರು ಐಡಿಯಾಸ್. ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ, ಒಂದೊಂದಕ್ಕೂ 0ರಿಂದ 4 ಅಂಕ. ಕಾಯಿಲೆ ಹಳೆಯದಾದಷ್ಟೂ ಇನ್ನಷ್ಟು ಅಂಕ. ಶೇಕಡಾ 40 ಮುಟ್ಟಿದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ನನ್ನ ಆದಾಯದಿಂದ 75,000 ರೂಪಾಯಿ ಕಡಿತ ಸಿಗುತ್ತದೆ. ಹಗಲು ಅವ್ವನನ್ನು ನೋಡಿಕೊಳ್ಳುವ ಬಾಯಿಯ ಪಗಾರಕ್ಕೆ ಅಷ್ಟಾದರೂ ಆಧಾರ. 39ಕ್ಕೆ ಅದೂ ಇಲ್ಲ.

ವಿಜ್ಞಾನ ನಡೆದಿರುವುದು ಎದುರು ದಿಕ್ಕಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ, ಇನ್ನೂ ಮರೆವಿನ ಕಾಯಿಲೆ ಬಾರದ ಜನರನ್ನು ವರ್ಷ ವರ್ಷ ಪರೀಕ್ಷಿಸುತ್ತಿದ್ದಾರೆ, ಕಾಯಿಲೆ ಎಲ್ಲಿ ಮೊಳೆಯುತ್ತದೆ ಎಂದು ಹಿಡಿಯಲು. ಬೇಗ ಬಾ ಅನ್ನುತ್ತದೆ ಸಂಶೋಧನೆ. ಇನ್ನಷ್ಟು ಕೆಟ್ಟ ಮೇಲೆ ಬಾ ಅನ್ನುತ್ತದೆ ಅಂಕಪಟ್ಟಿ. ತನ್ನ ಸೀರೆ ತಾನೇ ಉಟ್ಟುಕೊಳ್ಳುವ, ಆದರೆ ಗ್ಯಾಸ್ ಆರಿಸುವುದನ್ನು ಮರೆಯುವ ಮುದುಕಿಯ ಜೊತೆ ಒಬ್ಬರು ಇಡೀ ದಿನ ಇರಬೇಕು. ಅವಳ ಅಂಕ ಮಾತ್ರ ಕಡಿಮೆ.

ಇನ್ನೊಂದು ಸಂಗತಿ. ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಹೇಳಿದ್ದು: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ, ಓದು ಬರಹ ಬಾರದಿದ್ದರೂ, ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದೆ. ಮಾರ್ಕೆಟ್ಟಿನಲ್ಲಿ ಕಲಿತ ಮರಾಠಿ ಅವ್ವನನ್ನು ಕೆಲವು ವರ್ಷ ಕಾಯ್ದಿರಬಹುದು. ಆ ದಿನ ಅದು ಬಾರದ್ದರಿಂದ ನನಗೆ ಅಂಕ ಸಿಕ್ಕಿತು.

ಆದರೂ ತಪ್ಪನ್ನು ನಿಯಮದ ತಲೆಗೆ ಕಟ್ಟಲಾರೆ. ಆ ಡಾಕ್ಟರಿಗೆ ಕನ್ನಡ ಬಾರದು. ಅವ್ವ ಏನು ಬಲ್ಲಳೆಂದು ಅವರಿಗೆ ತಿಳಿಸಬಲ್ಲವನು ನಾನೊಬ್ಬನೇ. ತೆರಿಗೆಯ ಹಣಕ್ಕಿಂತ ನನ್ನನ್ನು ಕಾಡುವುದು ಅದು. ಇದ್ದ ನೆನಪನ್ನು ಅವಳ ಎದುರಿಗೇ ಇಲ್ಲವೆಂದು ಬರೆಸಿಬಿಟ್ಟೆ.

ಹಿಂತಿರುಗುವಾಗ ರಿಕ್ಷಾದಲ್ಲಿ ಅವಳೇ ಕೇಳಿದಳು: 'ಪಂಚಮಿ ಬಂದಬಿಡ್ತಲ್ಲೋ, ಇನ್ನೂ ಉಂಡಿ ಕಟ್ಟಿಲ್ಲಲ್ಲ?'

ಮುಂದಿನ ಬುಧವಾರ ಮತ್ತೆ ಕರೆದಿದ್ದಾರೆ. ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳಲು ಬಿಡಿ ಎಂದು ಕೇಳಿಕೊಳ್ಳಬೇಕೆಂದಿದ್ದೇನೆ. 39 ಬಂದರೆ ಬಾಯಿಯ ಪಗಾರ ಹೇಗೆ ಹೊಂದಿಸುವುದೋ ನೋಡಬೇಕು.