ದಾನಿಯೇಲನ ಮೂವರು ಗೆಳೆಯರು

ದಾನಿಯೇಲ 1ನೇ ಅಧ್ಯಾಯ ತೆಗೀರಿ. ಬಾಬೆಲಿನ ಅರಮನೆಯಲ್ಲಿ 3 ವರ್ಷದ ಕೋರ್ಸ್. ಹೊಸ ಭಾಷೆ, ಹೊಸ ಹೆಸರು, ರಾಜನ ಊಟ. ಯಾಕೆ? ಯೆಹೂದದ ಹುಡುಗರನ್ನು ಪೂರ್ತಿ ಬಾಬೆಲಿನವರನ್ನಾಗಿ ಮಾಡೋಕೆ. ದಾನಿಯೇಲ ಓದು ಬಿಟ್ಟು ಓಡಿಹೋಗಲಿಲ್ಲ. ಭಾಷೆ ಕಲಿತ, ರಾಜನ ಊಟ ಮಾತ್ರ ಬೇಡ ಅಂದ.

ಒಬ್ಬನೇ ನಿಂತನಾ? ಇಲ್ಲ. ಹನನ್ಯ, ಮೀಶಾಯೇಲ, ಅಜರ್ಯ ಜೊತೆಗಿದ್ದರು. ನಾಲ್ವರೂ 10 ದಿನ ಕಾಯಿಪಲ್ಯ ತಿಂದು ನೀರು ಕುಡಿದರು. ಮುಂದೆ ಜೀವಕ್ಕೇ ಕುತ್ತು ಬಂದಾಗ, ಮನೆಗೆ ಹೋಗಿ ಪ್ರಾರ್ಥಿಸಿ ಅಂತ ಹೇಳಿದ್ದು ಈ ಮೂವರಿಗೇ.

ಕಾಲೇಜಿನ ವಾತಾವರಣ ನಮ್ಮ ಕೈಯಲ್ಲಿಲ್ಲ. ಪಿಜಿಯಲ್ಲಿ ಯಾರ ಪಕ್ಕ ತಟ್ಟೆ ಹಿಡಿದು ಕೂರ್ತೀವಿ ಅನ್ನೋದು ನಮ್ಮ ಕೈಯಲ್ಲಿದೆ. ರಾತ್ರಿ 11ಕ್ಕೆ ಶೋಧನೆ ಬಂದರೆ, "ನನಗಾಗಿ ಪ್ರಾರ್ಥಿಸು" ಅಂತ ಫೋನ್ ಮಾಡೋಕೆ ನಿಮಗೆ ಯಾರಿದ್ದಾರೆ? ಇಲ್ಲವಾ? ಈ ವಾರ ಒಬ್ಬರನ್ನು ಹುಡುಕಿ. ಇನ್ನೊಬ್ಬರಿಗೆ ನೀವೇ ಅಜರ್ಯ ಆಗಿ. ಆಮೆನ್.