ಅಲುಗದ ಗುಂಡಿ



2016ರಲ್ಲಿ ಬಂದ ಐಫೋನ್ 7ರ ಹೋಮ್ ಬಟನ್ ಅಲುಗುವುದೇ ಇಲ್ಲ. ಆದರೂ ಒತ್ತಿದರೆ ‘ಟಕ್’ ಎಂದು ಒಳಗಿಳಿದಂತೆ ಬೆರಳಿಗೆ ಅನ್ನಿಸುತ್ತದೆ. ಒಳಗಿನ ಪುಟ್ಟ ಯಂತ್ರವೊಂದು ಕ್ಷಣಮಾತ್ರ ಅದುರಿ ಆ ಭಾಸ ಹುಟ್ಟಿಸುತ್ತದೆ. ಫೋನ್ ಆಫ್ ಮಾಡಿ ಒತ್ತಿ ನೋಡಿ, ಕಲ್ಲು ಒತ್ತಿದಂತೆ. ಈಗ ನಮ್ಮ ಫೋನುಗಳಲ್ಲೂ ಟೈಪ್ ಮಾಡುವಾಗ ಅಕ್ಷರಕ್ಕೊಂದು ಅದುರು.

ಇಂದ್ರಿಯ, ವಿಷಯ, ವಿಞ್ಞಾಣ ಈ ಮೂರೂ ಕೂಡುವುದೇ ಫಸ್ಸ, ಅಂದರೆ ಸ್ಪರ್ಶ ಎನ್ನುತ್ತದೆ ಮಧುಪಿಂಡಿಕ ಸುತ್ತ. ಅದರಿಂದ ವೇದನೆ. ಆ ‘ಟಕ್’ ಬಟನ್ನಿನಲ್ಲಿಲ್ಲ, ಬೆರಳಲ್ಲೂ ಇಲ್ಲ; ಕಾರಣಗಳು ಕೂಡಿದಾಗ ಹುಟ್ಟುತ್ತದೆ. ಮೈಲಿಗೆಯೂ ಹೀಗೇ.

ಇಷ್ಟು ಸುಲಭ. ಆದರೆ ಬಟನ್ ಅಲುಗದು ಎಂದು ಗೊತ್ತಿದ್ದವರಿಗೂ ‘ಟಕ್’ ಅನ್ನಿಸುವುದು ನಿಲ್ಲುವುದಿಲ್ಲವಲ್ಲ! ಕರೆಂಟ್ ಇರುವ ತನಕ ಅದು ಅದುರುತ್ತಲೇ ಇರುತ್ತದೆ. ತಿಳಿವಳಿಕೆ ಹೇಳಿದರೆ ಸಾಕು, ಜನ ಬದಲಾಗುತ್ತಾರೆ ಎನ್ನುವ ಸ್ಟಾಫ್ ರೂಮಿನ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. ನೀರು ನೀರಾಗಿಯೇ ಇತ್ತು. ಆದರೂ ಸವರ್ಣೀಯರು ಸಗಣಿ, ಗಂಜಲ ಸುರಿದು ‘ಶುದ್ಧಿ’ ಮಾಡಿದರು. ಅದೇ ವರ್ಷ ಡಿಸೆಂಬರ್ 25ರಂದು, ಅದೇ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು. ಕರೆಂಟ್ ಬರುವ ತಂತಿಗೇ ಕೈ ಹಾಕಿದ್ದು ಅದು.

ನಮ್ಮೂರಿನ ಒಂದು ಅಂಗಡಿಯಲ್ಲಿ ಚಿಲ್ಲರೆಯನ್ನು ನನ್ನ ಅಂಗೈಗೆ ಮೇಲಿಂದ ಬೀಳಿಸುತ್ತಿದ್ದರು. ಈಗ ಸ್ಕ್ಯಾನ್ ಮಾಡಿ ಹಣ ಹಾಕುತ್ತೇನೆ. ಫೋನ್ ಒಮ್ಮೆ ಅದುರುತ್ತದೆ, ಮುಗಿಯಿತು. ಕೈಗೆ ಕೈ ತಾಗುವ ಪ್ರಸಂಗವೇ ಇಲ್ಲ. ಅಲ್ಲಿ ಆ ಕರೆಂಟ್ ಹೋಗಿದೆಯೋ, ಇನ್ನೂ ಹರಿಯುತ್ತಿದೆಯೋ, ತಿಳಿಯುವ ದಾರಿಯೂ ಇಲ್ಲ.