ಶುಕ್ರವಾರ ಬಿಡುವ ಮಾಂಸ, ಭಾನುವಾರ ಬಡಿಸುವ ಮಾಂಸ



ತಪಸ್ಸುಕಾಲ ಬಂತೆಂದರೆ ನಮ್ಮ ಯುವಜನ ಸಂಘದಲ್ಲಿ ತಪ್ಪದೆ ಏಳುವ ಪ್ರಶ್ನೆ ಒಂದಿದೆ: ಮಾಂಸ ಮೈಗೆ ಒಳ್ಳೆಯದಲ್ಲ ಅಂತ ತಾನೇ ಧರ್ಮಸಭೆ ಶುಕ್ರವಾರ ಬಿಡಲು ಹೇಳುವುದು? ಬಿ.ಎಸ್ಸಿ. ಓದಿದವಳು ಎಂದು ಅದನ್ನು ನನ್ನ ಕಡೆಗೇ ತಳ್ಳುತ್ತಾರೆ. ಸ್ವಾಮಿಗಳ ಅನುಮತಿ ಪಡೆದು ಇಲ್ಲಿ ಉತ್ತರಿಸುತ್ತಿದ್ದೇನೆ.

ಹೊಟ್ಟೆಗೆ ಹೋಗುವುದು ಮನುಷ್ಯನನ್ನು ಅಶುದ್ಧಗೊಳಿಸದು, ಹೃದಯದಿಂದ ಹೊರಡುವ ಕೆಟ್ಟತನವೇ ಅಶುದ್ಧಗೊಳಿಸುತ್ತದೆ ಎಂದು ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕಲಿಸುತ್ತಾರೆ. ಮನೆ ಬಿಟ್ಟುಹೋದ ಮಗ ಮರಳಿದಾಗ ತಂದೆ ಕೊಯ್ಯಿಸಿದ್ದು ಕೊಬ್ಬಿದ ಕರುವನ್ನು. ಶುಕ್ರವಾರ ನಾವು ಮಾಂಸ ಬಿಡುವುದು ಅದು ಕೆಟ್ಟದ್ದೆಂದಲ್ಲ, ಒಳ್ಳೆಯದೆಂದೇ. ಕೆಟ್ಟದ್ದನ್ನು ಬಿಟ್ಟರೆ ತ್ಯಾಗ ಎಲ್ಲಿ ಬಂತು? ಹಾಗಲಕಾಯಿ ಸೇರದವನು ಹಾಗಲಕಾಯಿ ಬಿಟ್ಟ ಹಾಗಾಯಿತು.

ಹಾಗೆಂದು ಎಷ್ಟು ತಿಂದರೂ ನಡೆಯುತ್ತದೆ ಎಂದಲ್ಲ. ದೇಹ ಪವಿತ್ರಾತ್ಮರ ಆಲಯ ಎಂದು ಸಂತ ಪೌಲರು ಕೊರಿಂಥದವರಿಗೆ ನೆನಪಿಸಿದ್ದಾರೆ. ವಿಜ್ಞಾನದ ಲೆಕ್ಕದಲ್ಲಿ ದನ, ಕುರಿ, ಮೇಕೆ, ಹಂದಿ ಎಲ್ಲವೂ ಕೆಂಪು ಮಾಂಸವೇ. (ಮಟನ್ ಆದರೆ ಏನೂ ಆಗಲ್ಲ ಎನ್ನುವ ಮಾವಂದಿರು ಗಮನಿಸಬೇಕು.) 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 10 ದೇಶಗಳ 22 ತಜ್ಞರನ್ನು ಕೂಡಿಸಿತು. ಸಾಸೇಜ್, ಸಲಾಮಿ, ಬೇಕನ್‌ನಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆ, ತಾಜಾ ಕೆಂಪು ಮಾಂಸವೂ ಬಹುಶಃ ತರಬಹುದು ಎಂದು ಅವರು ತೀರ್ಮಾನಿಸಿದರು. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18ರಷ್ಟು ಏರುತ್ತದೆ. ಇದರರ್ಥ 100ರಲ್ಲಿ 18 ಜನಕ್ಕೆ ಬರುತ್ತದೆ ಎಂದಲ್ಲ. 5 ಜನಕ್ಕೆ ಬರುವಲ್ಲಿ 6 ಜನಕ್ಕೆ ಬರುತ್ತದೆ ಎಂದಿಟ್ಟುಕೊಳ್ಳಿ. ಬೇಯಿಸಿದ ಕೆಂಪು ಮಾಂಸ ವಾರಕ್ಕೆ 350ರಿಂದ 500 ಗ್ರಾಂ ದಾಟಬಾರದು ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುತ್ತದೆ. ಹಬ್ಬದ ದಿನ ನಮ್ಮಲ್ಲಿ ಕೆಲವರಿಗೆ ಅದು ಒಂದೇ ಊಟ.

ಇನ್ನೊಂದು ಮಗ್ಗುಲೂ ಇದೆ. ಮಾಂಸದಲ್ಲಿರುವ ಕಬ್ಬಿಣದ ಅಂಶ ಸೊಪ್ಪು, ಕಾಳುಗಳದ್ದಕ್ಕಿಂತ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಬಿ12 ಅಂತೂ ಸೊಪ್ಪಿನಲ್ಲಿ ಇಲ್ಲವೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ.

ಈಗ ನಮ್ಮ ಅಡುಗೆಮನೆಗೆ ಬನ್ನಿ. ಹೊಸೂರಿನ ಕಡೆ ತಮಿಳು ಪೂಜೆ ಮುಗಿದು ಕನ್ನಡ ಪೂಜೆ ಶುರುವಾಗುವ ಮೊದಲೇ ಮಾಂಸದ ಅಂಗಡಿ ಮುಂದೆ ಸಾಲು. ಮಧ್ಯಾಹ್ನ ಮುದ್ದೆ, ಸಾರು. ಬಡಿಸುವಾಗ ಒಳ್ಳೆಯ ತುಂಡುಗಳು ಹೋಗುವುದು ಯಾರ ತಟ್ಟೆಗೆ? ಬಿ.ಪಿ. ಮಾತ್ರೆ ನುಂಗುವ, ಕೊಬ್ಬು ಕಡಿಮೆ ಮಾಡಿ ಎಂದು ಡಾಕ್ಟರರಿಂದ ಹೇಳಿಸಿಕೊಂಡ ಅಪ್ಪನಿಗೆ, ಆಮೇಲೆ ಗಂಡುಮಕ್ಕಳಿಗೆ. ಕೊನೆಯಲ್ಲಿ ಕೂರುವ ಅಮ್ಮನಿಗೆ, ಬಸುರಿ ಸೊಸೆಗೆ ಸಾರು ಉಳಿದಿರುತ್ತದೆ, ತುಂಡು ಉಳಿದಿರುವುದಿಲ್ಲ. ಒಂದೇ ಪಾತ್ರೆ, ಕಡಿಮೆ ತಿನ್ನಬೇಕಾದವರಿಗೆ ಹೆಚ್ಚು, ಬೇಕಾದವರಿಗೆ ಇಲ್ಲ. ಕೊರಿಂಥದಲ್ಲಿ ಪ್ರಭುವಿನ ಭೋಜನಕ್ಕೆ ಕೂಡಿದಾಗ ಕೆಲವರು ಮೊದಲೇ ಕುಳಿತು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಪೌಲರು ಅವರನ್ನು ಗದರಿದ್ದು ತಿಂದದ್ದಕ್ಕಲ್ಲ, ಕಾಯದೆ ತಿಂದದ್ದಕ್ಕೆ. 11ನೇ ಅಧ್ಯಾಯ, ಮನೆಯಲ್ಲಿ ಓದಿ ನೋಡಿ.

ಈ ತಪಸ್ಸುಕಾಲದಲ್ಲಿ ಗಂಡಸರು ಭಾನುವಾರವೂ ಒಂದು ಉಪವಾಸ ಮಾಡಬಹುದು: ತಮ್ಮ ತಟ್ಟೆಯ ಎರಡು ತುಂಡು ತೆಗೆದು ಹೆಂಡತಿಯ, ಮಗಳ ತಟ್ಟೆಗೆ ಹಾಕುವುದು. ಇದಕ್ಕೆ ಯಾವ ಸಂಹಿತೆಯೂ ಬೇಕಿಲ್ಲ.

ಕೆಲವು ಮನೆಗಳಲ್ಲಿ ಬಸುರಿಯರೂ 40 ದಿನ ಮಾಂಸ, ಮೊಟ್ಟೆ ಎರಡೂ ಬಿಡುತ್ತಾರೆ. ಧರ್ಮಸಭೆ ಅಷ್ಟು ಕೇಳಿಲ್ಲ. ಮಾಂಸ ಬಿಡುವ ಕಟ್ಟಳೆ ಬೂದಿ ಬುಧವಾರ ಮತ್ತು ತಪಸ್ಸುಕಾಲದ ಶುಕ್ರವಾರಗಳಿಗೆ, 14 ತುಂಬಿದವರಿಗೆ. ಶುಕ್ರವಾರ ನುಗ್ಗೆಸೊಪ್ಪು, ಹುರುಳಿಕಾಳಿನ ಸಾರು ಮಾಡಿ, ನಿಂಬೆಹಣ್ಣು ಹಿಂಡಿ. ಊಟದ ಹಿಂದೆಯೇ ಟೀ ಕುಡಿಯಬೇಡಿ, ಅದು ಕಬ್ಬಿಣ ಮೈಗೆ ಸೇರುವುದನ್ನು ತಡೆಯುತ್ತದೆ. ನರ್ಸಮ್ಮ ಕೊಟ್ಟ ಕಬ್ಬಿಣದ ಮಾತ್ರೆ ತಪಸ್ಸುಕಾಲದಲ್ಲೂ ನುಂಗಬೇಕು. ಬಸುರಿಯರು, ಬಾಣಂತಿಯರು, ಕಾಯಿಲೆಯವರು ಮನಸ್ಸಿನಲ್ಲಿ ಅಳುಕಿದ್ದರೆ ಪೂಜೆಯ ನಂತರ ಸ್ವಾಮಿಗಳನ್ನು ಕೇಳಿ, ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ. ಅತ್ತೆಯವರನ್ನೂ ಜೊತೆಗೆ ಕರೆತನ್ನಿ. ಮನೆಗೆ ಹೋಗಿ ಮತ್ತೆ ವಿವರಿಸುವ ಕಷ್ಟ ತಪ್ಪುತ್ತದೆ.

– ಯುವಜನ ಸಂಯೋಜಕಿ